ಗುಳ್ಳೆಯ ಮುಂದೆ ನಕ್ಕ ಅಪರಾಧ

ಇಂದ:
ಅರ್ಜಿದಾರಳು, ಸಂಶೋಧನಾ ವಿದ್ಯಾರ್ಥಿನಿ,
ಪೊರೆ ಪ್ರಯೋಗಾಲಯ (ಸದ್ಯ ಫೈಲು ಕೋಣೆ, ಕಪಾಟಿನ ಹಿಂದೆ)

ಗೆ:
ಮುಖ್ಯಸ್ಥೆಯವರು, ಅದೇ ಪ್ರಯೋಗಾಲಯ

ವಿಷಯ: ನಗುವಿನ ಕಾರಣ ಕಸಿದುಕೊಂಡ ಸೂಕ್ಷ್ಮದರ್ಶಕದ ಕುರ್ಚಿಯನ್ನು ಮರಳಿಸುವ ಬಗ್ಗೆ.

ಉಲ್ಲೇಖ: "ಇನ್ಮೇಲೆ ಈ ಕಡೆ ಕಾಲಿಡ್ಬೇಡ, ಹೋಗಿ ಫೈಲು ಜೋಡ್ಸು" ಎಂಬ ತಮ್ಮ ಮೌಖಿಕ ಆದೇಶ.

ಮಾನ್ಯರೇ,

1. ಸದರಿ ಪ್ರಯೋಗಾಲಯದಲ್ಲಿ ಕೊಬ್ಬಿನ ಪೊರೆಯ ಪುಟಾಣಿ ಗುಳ್ಳೆಗಳನ್ನು ಸಪೂರ ಗಾಜಿನ ನಳಿಕೆಯಿಂದ ಹೀರಿ, ಪೊರೆ ಎಷ್ಟು ಹಿಗ್ಗುತ್ತದೆ, ಅದನ್ನು ಬಾಗಿಸಲು ಎಷ್ಟು ಬಲ ಬೇಕು ಎಂದು ಅಳೆಯಲಾಗುತ್ತದೆ. ತಿರುಪು ತಿರುಗಿಸಿ ನೀರಿನ ಬಾಟಲಿ ಇಳಿಸಿದರೆ ಎಳೆತ ಹೆಚ್ಚು, ಏರಿಸಿದರೆ ಕಡಿಮೆ. ಆಗ ಯಾರೂ ಕೆಮ್ಮಕೂಡದೆಂಬುದು ತಮ್ಮ ಕಾನೂನು. ಅರ್ಜಿದಾರಳು ಸೀನನ್ನೂ ನುಂಗಿಕೊಂಡು ಬಾಳಿದವಳು.

2. ಹೀಗಿರುವಲ್ಲಿ, ಅರ್ಜಿದಾರಳಿಗೆ ಇಂದಿನವರೆಗೆ "ಹೂಂ" ಬಿಟ್ಟು ಒಂದು ಒಳ್ಳೆಯ ಮಾತನ್ನೂ ಆಡದ ತಾವು ಸೋಮವಾರ ಪರದೆಯ ಮೇಲಿನ ಗುಳ್ಳೆಗೆ, "ಬಾರೋ ಚಿನ್ನಾ, ಒಡೀಬೇಡ ಕಣೋ ನನ್ ರಾಜಾ, ಇನ್ನೊಂಚೂರು" ಎಂದು ಮುದ್ದುಗರೆದಿರಿ. ಕಾರಣ, ನಗು ಬಂತು. ತಡೆದ ಕಾರಣ, ಮೂಗಿನಿಂದ ಬಂತು. ಆದ್ದರಿಂದ ಅರ್ಜಿದಾರಳ ಕೈಯಲ್ಲಿದ್ದ ತಿರುಪು ಉಲ್ಟಾ ತಿರುಗಿ, ಬಾಟಲಿ ಮೇಲೇರಿ, ಸದರಿ ರಾಜರು ನಳಿಕೆಯಿಂದ ಜಾರಿಕೊಂಡರು.

3. ತಾವು ಆದೇಶ ಹೊರಡಿಸಿ ಬಾಗಿಲು ಬಡಿದು ಹೋದಿರಿ. ಕ್ಯಾಮೆರಾ ನಿಲ್ಲಿಸಲು ಇಬ್ಬರೂ ಮರೆತೆವು. ಎಳೆಯುವವರಿಲ್ಲದ ಗುಳ್ಳೆ ಸಡಿಲವಾಗಿ, ನಗು ತಡೆಯುವವಳ ಹೊಟ್ಟೆಯ ಹಾಗೆ ತನ್ನಷ್ಟಕ್ಕೆ ಕುಲುಕತೊಡಗಿತು. ಪೊರೆ ಮೆತ್ತಗಿದ್ದಷ್ಟೂ ಕುಲುಕಾಟ ಹೆಚ್ಚು. ಆದ್ದರಿಂದ ಅರ್ಜಿದಾರಳು ಆ ಚಿತ್ರೀಕರಣವನ್ನು ಫೈಲು ಕೋಣೆಗೆ ಒಯ್ದು, ಅಳುತ್ತಲೇ ಆ ಕುಲುಕಾಟವನ್ನು ಲೆಕ್ಕ ಹಾಕಿದಳು. ತಾವು ವರ್ಷವಿಡೀ ಎಳೆದೆಳೆದು ಒಡೆದ ಗುಳ್ಳೆಗಳು ಕೊಡದ, ಪೊರೆ ಬಾಗಿಸುವ ಬಲದ ಅಂಕಿ ಸಿಕ್ಕಿಯೇ ಬಿಟ್ಟಿತು! ಕುಣಿಯಲು ಫೈಲು ಕೋಣೆಯಲ್ಲಿ ಜಾಗ ಸಾಲಲಿಲ್ಲ. ಆ ಕುರ್ಚಿ ಬಿಟ್ಟರೆ ಅವಳಿಗೆ ಬೇರೆ ಲೋಕವಿಲ್ಲ.

4. ಮರುದಿನ ಅರ್ಜಿದಾರಳು ಆ ಅಂಕಿ ತೋರಿಸಲಾಗಿ, ತಾವೇ ಇನ್ನೊಂದು ಗುಳ್ಳೆಯನ್ನು ಸಡಿಲ ಬಿಟ್ಟು ನೋಡಿದಿರಿ. ಅದೇ ಅಂಕಿ! "ಅಯ್ಯೋ ಇದರ, ಸುಮ್ನೆ ಬಿಟ್ರೆ ತಾನೇ ಹೇಳುತ್ತಲ್ಲೇ!" ಎಂದು ತಾವು ಬಿದ್ದೂ ಬಿದ್ದೂ ನಕ್ಕಿರಿ. ಮೇಜು ಅಲುಗಿತು. ನಳಿಕೆ ಚುಚ್ಚಿತು. ಗುಳ್ಳೆ ಢಮಾರ್. ಕೂಡಲೇ ಮುಖ ಬಿಗಿದುಕೊಂಡು, "ಇದು ಲೆಕ್ಕಕ್ಕಿಲ್ಲ. ನೀನು ಫೈಲು ಜೋಡ್ಸು ಹೋಗು" ಎಂದಿರಿ.

ಆದ್ದರಿಂದ, ಈ ಎಲ್ಲ ಕಾರಣಗಳ ಕಾರಣ, ಕುರ್ಚಿಯನ್ನು ಮರಳಿ ಕೊಡಬೇಕು. ತಪ್ಪಿದಲ್ಲಿ ಅದೇ ಆದೇಶವನ್ನು ತಮಗೂ ಅನ್ವಯಿಸಬೇಕು. ಕಪಾಟಿನ ಹಿಂದೆ ಇನ್ನೊಂದು ಕುರ್ಚಿ ಇದ್ದು, ಒರೆಸಿ ಇಡಲಾಗಿದೆ.

ತಮ್ಮ ವಿಶ್ವಾಸಿ,
ಬಾಯಿಗೆ ಕರವಸ್ತ್ರ ಹಿಡಿದಿರುವ ಅರ್ಜಿದಾರಳು

ಲಗತ್ತು:
ಗುಳ್ಳೆ ಕುಲುಕಿದ ಚಿತ್ರೀಕರಣ.
ತಾವು ಕುಲುಕಿದ ಚಿತ್ರೀಕರಣ, ಧ್ವನಿ ಸಮೇತ.

ವಿ.ಸೂ.: ಕುರ್ಚಿ ಮಂಜೂರಾದ ನಂತರ, ಬಿಡುವಾದಾಗ ಒಮ್ಮೆ, ಅರ್ಜಿದಾರಳನ್ನೂ "ಚಿನ್ನಾ" ಎಂದು ಕರೆಯಬೇಕಾಗಿ ವಿನಂತಿ. ಅವಳು ಒಡೆಯುವುದಿಲ್ಲ.