ಕದರಮಂಡಲಗಿ ಹುಡುಗನ ಬಯೋಡೇಟಾ

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಎದುರು ಇಂಟರ್‌ನೆಟ್ ಸೆಂಟರ್ ಇಟ್ಟುಕೊಂಡವನು ನಗಲು ಬೇರೆಲ್ಲೂ ಹೋಗಬೇಕಾಗಿಲ್ಲ. ನಗು ದಿನಾ ತಾನೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತದೆ. ನೌಕರಿಗೆ ಕಂಪ್ಯೂಟರಿನಲ್ಲಿ ಅರ್ಜಿ ಹಾಕುವುದು ಆಗಿನ್ನೂ ಹೊಸದು. ಟೈಪ್ ಮಾಡಿಕೊಡುವವನೂ ನಾನೇ, ಬುದ್ಧಿ ಹೇಳುವವನೂ ನಾನೇ.

ನನ್ನನ್ನು ಎಲ್ಲರಿಗಿಂತ ಹೆಚ್ಚು ನಗಿಸಿದವನು ಕದರಮಂಡಲಗಿಯ ಒಬ್ಬ ಹುಡುಗ. ಬಿ.ಎಸ್ಸಿ. ಮುಗಿಸಿ, ಬ್ಯಾಡಗಿಯಲ್ಲಿ ಸೋದರಮಾವನ ಮೆಣಸಿನಕಾಯಿ ಅಂಗಡಿಯಲ್ಲಿ ಕೂರುತ್ತಿದ್ದ. ಹಾವೇರಿಯ ಹುಡುಗಿಯೊಬ್ಬಳು ಇವನನ್ನು ಒಪ್ಪಿದ್ದಳು. ಇವನಂತೂ ಎಂದೋ ಒಪ್ಪಿ ಕುಳಿತಿದ್ದ. ಆದರೆ ಹುಡುಗಿಯ ಅಪ್ಪ, "ಮೊದಲ ನೌಕರಿ, ಆಮ್ಯಾಲ ಅಕ್ಕಿಕಾಳು" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ದೀಪಾವಳಿಯೊಳಗೆ ಆಗದಿದ್ದರೆ ಬೇರೆ ಗಂಡು ನೋಡುವವರೇ.

"ಸರ, ಕಂಪನಿಯವರ ಕಣ್ಣಿಗೆ ಬೀಳೂ ಹಂಗ ಏನರ ಮಾಡ್ರಿ" ಎಂದು ಬಂದ.

ಫೋಟೋ

ಫೋಟೋ ಕೇಳಿದೆ. ಹುಡುಗಿಯ ಮನೆಗೆ ಕಳಿಸಿದ್ದನ್ನೇ ತಂದಿದ್ದ. ಕರಿ ಸೂಟು, ಗಾರೆ ಮೆತ್ತಿದ ಕಂಬದ ಮೇಲೆ ಒಂದು ಕೈ, ಹಿಂದೆ ಪರದೆಯ ಮೇಲೆ ಧುಮ್ಮಿಕ್ಕುವ ಜಲಪಾತ.

"ಅವರಿಗೆ ಮುಖ ಸಾಕಪಾ, ಇದೆಲ್ಲಾ ಯಾಕ?"

"ಸೂಟ್ ಕಾಣ್ಲಿ ಅಂತರೀ."

"ಸೂಟ್ ನಿಂದೇನು?"

"ಇಲ್ರಿ, ಸ್ಟುಡಿಯೋದವರದು. ಕಂಬ, ನೀರು ಎಲ್ಲಾ ಅವರವ. ಮುಖ ಅಷ್ಟ ನಂದು."

ಅವನದಷ್ಟನ್ನೇ ಕತ್ತರಿಸಿ ಹಾಕಿದೆ.

ಜಾಹೀರಾತಿನ ಮಾತು

ತಿಂಗಳಾದರೂ ಯಾರೂ ಕರೆಯಲಿಲ್ಲ. ಎಲ್ಲಾ ಕಂಪನಿಗೂ ಒಂದೇ ಬಯೋಡೇಟಾ ಕಳಿಸಬಾರದು, ಜಾಹೀರಾತಿನಲ್ಲಿ ಅವರು ಏನು ಕೇಳಿದ್ದಾರೋ ಆ ಮಾತು ನಮ್ಮದರಲ್ಲಿ ಕಾಣಬೇಕು, ಹಂಗಿದ್ದರೆ ಮಾತ್ರ ಕಂಪ್ಯೂಟರು ಹುಡುಕಿ ಮೇಲೆ ತರುತ್ತದೆ ಎಂದು ಹೇಳಿಕೊಟ್ಟೆ. ಹುಡುಗ ಬಹಳ ಶ್ರದ್ಧೆಯವನು. ಮರುದಿನ ತಾನೇ ಕುಳಿತು ಟೈಪ್ ಮಾಡಿ ತೋರಿಸಿದ. ಜಾಹೀರಾತನ್ನು ಒಂದಕ್ಷರ ಬಿಡದೆ ಇಳಿಸಿದ್ದ. ತನ್ನ ವಿಶೇಷ ಗುಣಗಳು ಎನ್ನುವ ಕಡೆ ಕೊನೆಯ ಸಾಲು ಹೀಗಿತ್ತು: 'ಅನುಭವವಿಲ್ಲದವರು ದಯವಿಟ್ಟು ಅರ್ಜಿ ಹಾಕಬಾರದು.'

"ಅಲ್ಲೋ, ಇದು ನಿನಗ ಹೇಳಿದ್ದು!"

"ನಾನೂ ಅದನ್ನ ಅವರಿಗೆ ಹೇಳೇನ್ರಿ" ಎಂದ.

ಬಲ್ಲವರು

ಅರ್ಜಿಯ ಕೊನೆಗೆ, ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರ ಹೆಸರು ಕೊಡಿ ಎಂದಿತ್ತು. ಒಂದು ಕಾಲೇಜಿನ ಮೇಷ್ಟ್ರದು, ಸರಿ. ಎರಡನೆಯದು ಹಾವೇರಿಯ ಭಾವೀ ಮಾವನದು! ಕಂಪನಿಯವರು ಫೋನ್ ಮಾಡಿದರೆ ಆ ಮನುಷ್ಯ, "ನೌಕರಿ ಇಲ್ಲದವರಿಗೆ ನಾವ ಹೆಣ್ಣು ಕೊಡಾಂಗಿಲ್ರಿ, ನೀವು ನೌಕರಿ ಹೆಂಗ ಕೊಡ್ತೀರಿ?" ಎಂದು ಕೇಳುವ ಪೈಕಿ.

"ಬ್ಯಾರೆ ಯಾರೂ ಸಿಗಲಿಲ್ಲೇನಪಾ ನಿನಗ?"

"ನನ್ನ ಬಗ್ಗೆ ಅವರಷ್ಟು ವಿಚಾರಣೆ ಮಾಡಿದವರು ಈ ಜಿಲ್ಲಾದಾಗ ಯಾರೂ ಇಲ್ರಿ ಸರ."

ಮಾತೇನೋ ಖರೆ. ಆದರೂ ಆ ಹೆಸರು ತೆಗೆದು ಸೋದರಮಾವನದು ಹಾಕಿದೆ. ಊರಿನ ಬೀಜದ ಕಂಪನಿಯೊಂದಕ್ಕೆ ಆ ಅರ್ಜಿ ಹೋಯಿತು.

ಫೋನು

ದೀಪಾವಳಿ ಹತ್ತಿರ ಬಂತು. ಒಂದು ಮುಂಜಾನೆ ನಾನು ಬಾಗಿಲು ತೆಗೆಯುವುದಕ್ಕೂ ಮೊದಲೇ ಹುಡುಗ ಅಂಗಡಿಯ ಮೆಟ್ಟಿಲ ಮೇಲೆ ತಲೆಗೆ ಕೈ ಹಚ್ಚಿ ಕುಳಿತಿದ್ದ.

"ಎಲ್ಲಾ ಮುಗೀತ್ರಿ ಸರ. ಕಂಪನಿಯವರು ಫೋನ್ ಮಾಡಿದ್ರು. ನಮ್ಮವ್ವ ಎತ್ತಿದ್ಲು."

ಆಗಿದ್ದು ಇಷ್ಟು. ಆ ಬೀಜದ ಕಂಪನಿಯ ಒಬ್ಬ ಮೇಡಂ ಫೋನ್ ಮಾಡಿ, "ನಿಮ್ಮ ಮಗನ ಬಯೋಡೇಟಾ ಕಂಪ್ಯೂಟರಿನಾಗ ನೋಡಿದ್ವಿರಿ, ನಮಗ ಹಿಡಿಸೇತಿ. ಒಮ್ಮೆ ಬಂದು ಭೆಟ್ಟಿ ಆಗ್ತಾರೇನ್ರಿ?" ಎಂದು ಕೇಳಿದ್ದಾರೆ. ನಮ್ಮ ಕಡೆ ಬಯೋಡೇಟಾ ನೋಡಿ ಹುಡುಗನನ್ನು ಕೇಳುವವರು ಯಾರು? ಹೆಣ್ಣಿನ ಕಡೆಯವರು. ಅವ್ವ ಖಡಕ್ಕಾಗಿ ಹೇಳಿದ್ದಾಳೆ: "ಇಲ್ರಿ ಅಕ್ಕಾರ, ನಮ್ಮ ಹುಡುಗಂದು ಹಾವೇರಿಯಾಗ ಪಕ್ಕಾ ಆಗೇತಿ. ದೊಡ್ಡ ಮಂದಿ. ದಾವಣಗೆರೆಯವರು ಬಂದಿದ್ರು, ಗದಗಿನವರು ಬಂದಿದ್ರು, ಎಲ್ಲಾರಿಗೂ ಒಲ್ಲೆ ಅಂದೇವಿ. ನೀವು ಭಾಳ ತಡಾ ಮಾಡಿದ್ರಿ!" ಎಂದು ಫೋನ್ ಇಟ್ಟಿದ್ದಾಳೆ. ಸಂಜೆ ಮಗನಿಗೆ, "ಯಾರೋ ನಿನ್ನ ಬಯೋಡೇಟಾ ಕಂಪ್ಯೂಟರಿನಾಗ ನೋಡಿದ್ರಂತ, ನಾ ಮಾತಿಗೆ ತಪ್ಪಲಿಲ್ಲ ನೋಡು" ಎಂದು ಹೆಮ್ಮೆಯಿಂದ ಹೇಳಿದಾಗಲೇ ಇವನಿಗೆ ಗೊತ್ತಾಗಿದ್ದು.

"ಲಗ್ನ ಉಳಿಸಾಕ ಹೋಗಿ ನೌಕರಿ ಕಳದ್ಲು ಸರ. ನೌಕರಿ ಹೋದ್ರ ಲಗ್ನನೂ ಹೋತು."

ಈ ಸಲ ನನಗೂ ನಗು ಬರಲಿಲ್ಲ. ಕ್ಷಮೆ ಕೇಳಿ ಒಂದು ಇ-ಮೇಲ್ ಕಳಿಸೋಣವೆಂದು ಅವನ ಖಾತೆ ತೆಗೆದೆ. ಆ ಕಂಪನಿಯದೇ ಇ-ಮೇಲ್ ಬಂದು ಕೂತಿತ್ತು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳಿದೆ: 'ತಮಗೆ ಹಲವು ಕಡೆಯಿಂದ ಬೇಡಿಕೆ ಇರುವುದು ತಮ್ಮ ತಾಯಿಯವರಿಂದ ತಿಳಿಯಿತು. ಹಾವೇರಿಯವರಿಗೆ ಒಪ್ಪಿಗೆ ಕೊಡುವ ಮೊದಲು ದಯವಿಟ್ಟು ನಮ್ಮನ್ನೊಮ್ಮೆ ಕಾಣಿರಿ. ಅವರು ಕೊಡುವುದಕ್ಕಿಂತ ಕಡಿಮೆ ನಾವು ಕೊಡುವುದಿಲ್ಲ.'

ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ. "ಹಾವೇರಿಯವರು ಹುಡುಗೀನ್ನ ಕೊಡಾಕತ್ತಾರ್ರಿ ಸರ. ಇವರು ಅದಕ್ಕಿಂತ ಹೆಚ್ಚಿಗಿ ಏನು ಕೊಡ್ತಾರ?"

ಕೆಲಸ ಕೊಟ್ಟರು, ಅದೂ ರಾಣೆಬೆನ್ನೂರಿನಲ್ಲೇ. ದೀಪಾವಳಿಗೆ ಮೊದಲೇ ಹಾವೇರಿಯ ಮಾವ ಮದುವೆಗೆ ಹೂಂ ಎಂದರು. ನನಗಂತೂ ನಮ್ಮ ಮನೆಯದೇ ಮದುವೆ ಕುದುರಿದಷ್ಟು ನಿರಾಳವಾಯಿತು.

ಸುದ್ದಿ ಬ್ಯಾಡಗಿಯ ತನಕ ಹಬ್ಬಿತು. ಮುಂದಿನ ವಾರ ಇನ್ನೊಬ್ಬ ಪದವೀಧರ ಬಂದು ಕುರ್ಚಿ ಎಳೆದುಕೊಂಡು ಕುಳಿತ. ಯಾವ ಕಂಪನಿ, ಏನು ಬರೆಯಬೇಕು ಎಂದು ಕೇಳಿದೆ.

"ಬಯೋಡೇಟಾದಾಗ ಏನರ ಬರೀರಿ ಸರ" ಎಂದ. "ಫೋನ್ ನಂಬರ್ ಮಾತ್ರ ಆ ಅವ್ವಾರದು ಹಾಕ್ರಿ."