ಸುಣ್ಣದ ಕೆಳಗೆ ಹೋದ ವಾಯಿದೆಗಳು

ಮಳೆ ಸೋರಿ ಗೋಡೆಯ ಬರಹ ಅಳಿಸಿತು ಎಂಬುದು ಶುದ್ಧ ಸುಳ್ಳು. ಆ ಗೋಡೆಗೆ ಸುಣ್ಣ ಬಳಿದವಳು ನಾನು. ನಮ್ಮ ಯಜಮಾನರು ಬದುಕಿದ್ದಷ್ಟು ದಿನ ಕಂಡಕಂಡವರಿಗೆಲ್ಲ ಮಳೆಯ ಕಥೆಯನ್ನೇ ಹೇಳಿದರು. ಯುಗಾದಿಯ ಹೊತ್ತಿಗೆ ದೊಡ್ಡಬಳ್ಳಾಪುರದಲ್ಲಿ ಅದೆಂಥ ಜಡಿಮಳೆ ಎಂದು ಒಬ್ಬರೂ ಕೇಳಲಿಲ್ಲ. ಕರೀ ಕೋಟು ಹಾಕಿಕೊಂಡವರು ಹೇಳಿದರೆ ಜನ ತಲೆ ಆಡಿಸುತ್ತಾರೆ. ನನಗೆ ಈಗ ಮೊಮ್ಮಕ್ಕಳಾಗಿವೆ, ಹೆದರಬೇಕಾದವರು ಯಾರೂ ಉಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂಟೆತ್ತಿನ ಬೇಸಾಯ ಎಂಥದೆಂದು ರೈತರಿಗೆ ಗೊತ್ತು. ಒಂಟಿ ವಕೀಲಿಕೆ ಅದಕ್ಕಿಂತ ಕಡೆ. ಬೇರೆ ವಕೀಲರಿಗೆ ಗುಮಾಸ್ತರಿದ್ದರು, ಕೈಕೆಳಗೆ ಒಬ್ಬಿಬ್ಬರು ಕಿರಿಯರಿದ್ದರು. ನಮ್ಮವರಿಗೆ ಇದ್ದವಳು ನಾನು. ನನ್ನ ಓದು ಕನ್ನಡ ಎರಡನೇ ತರಗತಿ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಮನೆಯಲ್ಲಿ ಎಮ್ಮೆ ಕರು ಹಾಕಿತು, ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಬಂದ ಕಕ್ಷಿದಾರರನ್ನು ಜಗಲಿಯಲ್ಲಿ ಕೂರಿಸುವುದು, ಮಜ್ಜಿಗೆ ಕೊಡುವುದು, ಅತ್ತರೆ ಸುಮ್ಮನಿರಿಸುವುದು, ಕಡತಗಳನ್ನು ಇಲಿಯಿಂದ ಕಾಯುವುದು, ಎಲ್ಲ ನನ್ನ ಪಾಲಿಗೆ. ಯುದ್ಧದ ಕಾಲ, ಕಾಗದಕ್ಕೆ ಬರ. ಡೈರಿ ಸಿಗಲಿಲ್ಲವೆಂದು ಅವರು ವಾಯಿದೆಗಳನ್ನೆಲ್ಲ, ಎಂದರೆ ಯಾವ ದಿನ ಯಾವ ಕೋರ್ಟಿನಲ್ಲಿ ಯಾರ ಕೇಸು ಎಂಬುದನ್ನು, ನಡುಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಇಂಗ್ಲಿಷಿನಲ್ಲಿ ಗೀಚುತ್ತಿದ್ದರು. ಅದು ವಾಯಿದೆ ಎಂದು ನನಗೆ ಅವರು ಹೇಳಿರಲಿಲ್ಲ. ಗೋಡೆ ಹೊಲಸಾಗುತ್ತಿದೆ ಎಂದು ನಾನೂ ಅವರಿಗೆ ಹೇಳಿರಲಿಲ್ಲ. ನಮ್ಮದು ಅಂಥ ಸಂಸಾರ.

ಭಾನುವಾರ ಯುಗಾದಿ. ಶನಿವಾರ ಅವರು ಕೋರ್ಟಿಗೆ ಹೋದಾಗ ನಾನು ಸುಣ್ಣ ಕಲಸಿ, ಚೂರು ನೀಲಿ ಹಾಕಿ, ಇಡೀ ನಡುಮನೆಗೆ ಎರಡು ಕೈ ಬಳಿದೆ. ಒಂದು ಕೈಗೆ ಆ ಇದ್ದಿಲು ಮುಚ್ಚಲಿಲ್ಲ. ಸಂಜೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

“ಲೇ, ಗೋಡೆ ಎಲ್ಲೇ?”

“ಕಣ್ಣು ಕಾಣಲ್ವಾ? ಅಲ್ಲೇ ಇದೆ.”

ಅವರು ರುಮಾಲು ಬಿಚ್ಚಿ ಚಾಪೆಯ ಮೇಲೆ ಕುಸಿದರು. ಆಮೇಲೆ ಚೊಂಬಿನಿಂದ ನೀರು ಎರಚಿದರು, ಈಳಿಗೆಯ ಮೊನೆಯಿಂದ ಕೆರೆದರು. ಸುಣ್ಣದ ಜೊತೆ ಇದ್ದಿಲೂ ಉದುರಿತು. ಅವರಿಗೆ ನೆನಪಿದ್ದದ್ದು ಇಷ್ಟೇ: ಹಬ್ಬದ ಮರುದಿನ ಒಂದು ಕೇಸು, ಅದರ ಮರುದಿನ ಇನ್ನೊಂದು. ಒಂದು ನಮ್ಮೂರಿನ ಕೋರ್ಟಿನಲ್ಲಿ, ಹತ್ತಿರದ ಮಧುರೆ ಹಳ್ಳಿಯ ಮುನಿಯಮ್ಮನದು. ಇನ್ನೊಂದು ಬೆಂಗಳೂರಿನಲ್ಲಿ, ಒಬ್ಬ ಜವಳಿ ಶೆಟ್ಟರದು. ಯಾವುದು ಮೊದಲು? ಗೊತ್ತಿಲ್ಲ. ಕೋರ್ಟಿನ ಗುಮಾಸ್ತರನ್ನು ಕೇಳೋಣವೆಂದು ಓಡಿದರೆ ಅವರು ಹಬ್ಬಕ್ಕೆ ಮಾವನ ಮನೆಗೆ ಹೋಗಿ ಆಗಿತ್ತು.

ಶೆಟ್ಟರು ಇನ್ನೊಬ್ಬ ವಕೀಲನನ್ನು ಹಿಡಿದಾರು. ಮುನಿಯಮ್ಮನ ಮಾತು ಬೇರೆ. ಗಂಡ ಸತ್ತವಳು, ಬಾವಿಯ ಪಕ್ಕದ ಎರಡೆಕರೆ ಬಿಟ್ಟರೆ ಏನೂ ಇಲ್ಲ. ಅದು ತನ್ನದೆಂದು ಮೈದುನ ದಾವೆ ಹಾಕಿದ್ದ. ಕೂಗಿದಾಗ ಇವಳ ಕಡೆಯ ವಕೀಲ ಎದ್ದು ನಿಲ್ಲದಿದ್ದರೆ ಅವನೊಬ್ಬನ ಮಾತು ಕೇಳಿ ತೀರ್ಪು ಬರೆದುಬಿಡುತ್ತಾರೆ ಎಂದು ಯಜಮಾನರು ಹೇಳಿದರು. ನಾನು ಆಗಲೇ ಹೋಗಿ ಪಕ್ಕದ ಮನೆಯವರ ಗಾಡಿ ಕೇಳಿ ಬಂದೆ.

ಯುಗಾದಿಯ ದಿನ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಪಕ್ಕದ ಮನೆಯ ಗಾಡಿಯಲ್ಲಿ ಮಧುರೆಗೆ ಹೊರಟೆ. ಯಜಮಾನರು ಬರಲಿಲ್ಲ. ವಕೀಲನೇ ಬಂದು ವಾಯಿದೆ ಕೇಳಿದರೆ ಊರು ನಗುತ್ತದಂತೆ. ಹೆಂಡತಿ ಕೇಳಿದರೆ ನಗುವುದಿಲ್ಲವಂತೆ. ಮುನಿಯಮ್ಮ ಒಬ್ಬಟ್ಟು ತಟ್ಟುತ್ತಿದ್ದಳು.

“ಅಯ್ಯೋ, ಹಬ್ಬದ ದಿವ್ಸ ನೀವ್ಯಾಕ್ ಬಂದ್ರವ್ವ? ವಕೀಲಪ್ಪೋರು ಚೆಂದಾಗವ್ರಾ?”

“ಚೆನ್ನಾಗೇ ಇದ್ದಾರೆ. ವಾಯಿದೆ ಯಾವತ್ತು ಅನ್ನೋದು ನಿನಗೆ ನೆನಪಿದೆಯೋ ಇಲ್ವೋ ನೋಡ್ಕೊಂಡು ಬಾ ಅಂದ್ರು.”

ಇಷ್ಟು ಸಲೀಸಾಗಿ ಸುಳ್ಳು ಹೇಳುವವಳು ನಾನೇ ವಕೀಲಿಕೆ ಮಾಡಬಹುದಿತ್ತು. ಅವಳು ನಗುತ್ತಾ ಮೂಲೆಯ ಕುಡಿಕೆ ತಂದಳು. ವಾಯಿದೆ ಕೊಟ್ಟ ದಿನ ದಿನಕ್ಕೊಂದರಂತೆ ಹುಣಸೆಬೀಜ ಎಣಿಸಿ ಹಾಕಿದ್ದಳಂತೆ. ದಿನಾ ಬೆಳಗ್ಗೆ ಒಂದು ತೆಗೆದು ಎಸೆಯುವುದು, ಬೀಜ ಮುಗಿದ ದಿನ ಕೋರ್ಟು. ನಮ್ಮ ಮನೆಯ ಗೋಡೆಗಿಂತ ಸಾವಿರ ಪಾಲು ಮೇಲು. ಕುಡಿಕೆ ಬೋರಲು ಹಾಕಿದಳು. ಒಂದೇ ಬೀಜ ಬಿತ್ತು.

“ಹಂಗಾದ್ರೆ ನಾಳೀಕೇ ಕಣವ್ವ,” ಎಂದವಳು ಬಾಯಿಗೆ ಕೈ ಇಟ್ಟುಕೊಂಡಳು. “ತಡೀರಿ, ಇವತ್ತಿಂದು ತೆಗುದ್ನಾ? ಎಣ್ಣೆನೀರಿನ್ ಗಡಿಬಿಡೀಲಿ... ತೆಗುದ್ನೇನೋ. ಇಲ್ವೇನೋ.”

ಇವತ್ತಿನದು ತೆಗೆದಿಲ್ಲದಿದ್ದರೆ ಕೋರ್ಟು ಇವತ್ತೇ ಆಗಬೇಕು. ಇವತ್ತು ಭಾನುವಾರ, ಹಬ್ಬ ಬೇರೆ. ಅದು ಸಾಧ್ಯವಿಲ್ಲ. ಹಾಗಾದರೆ ನಾಳೆಯೇ. ಆದರೆ ಮೊದಲ ದಿನವೇ ಅವಳು ಒಂದು ಬೀಜ ಕಡಿಮೆ ಹಾಕಿದ್ದರೆ? ಎಷ್ಟು ಕೇಳಿದರೂ ಅವಳು “ಹಾಕಿರ್ತೀನಿ ಬುಡ್ರವ್ವ” ಎನ್ನುವಳೇ ಹೊರತು ಆಣೆ ಇಡಲೊಲ್ಲಳು. ನನಗೆ ಒಬ್ಬಟ್ಟು ತಿನ್ನುವ ಪುರುಸೊತ್ತಿರಲಿಲ್ಲ. ಆದರೂ ಮೂರು ತಿಂದೆ, ಹಬ್ಬದ ಮನೆಯಲ್ಲಿ ಬೇಡವೆನ್ನಬಾರದು.

ಸೋಮವಾರ ಬೆಳಗ್ಗೆ ಯಜಮಾನರು ಬೆಂಗಳೂರಿಗೆ ಹೋಗುವ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಹೊಗೆ ಬಿಡುವುದನ್ನೇ ನೋಡುತ್ತಾ ನಿಂತರು. “ಶೆಟ್ರು ನನ್ನ ಸುಮ್ನೆ ಬಿಡಲ್ಲ ಕಣೇ.”

“ಮುನಿಯಮ್ಮನ ಜಮೀನು ಹೋದ್ರೆ ನಾನು ನಿಮ್ಮನ್ನ ಸುಮ್ನೆ ಬಿಡಲ್ಲ. ನಡೀರಿ ಕೋರ್ಟಿಗೆ.”

ಬಸ್ಸು ಹೋಯಿತು. ಕೋರ್ಟಿನ ಗುಮಾಸ್ತರು ಮಾವನ ಮನೆಯಿಂದ ಇನ್ನೂ ಬಂದಿರಲಿಲ್ಲ. ಕೋರ್ಟಿನ ಮುಂದಿನ ಹೊಂಗೆಮರದ ಕೆಳಗೆ ನಾನೂ ಮುನಿಯಮ್ಮನೂ ಕೂತೆವು. ಅವಳ ಮೈದುನ ಎದುರಿಗೇ ಬೀಡಿ ಸೇದುತ್ತಿದ್ದ. ಇವನು ಬಂದಿದ್ದಾನೆಂದರೆ ಇವತ್ತೇ ಎಂದು ನನಗೆ ಧೈರ್ಯ ಬಂತು. ಅವನು ಬೇರೊಬ್ಬರಿಗೆ ಸಾಕ್ಷಿ ಹೇಳಲು ಬಂದವನೆಂದು ಯಾರೋ ಅಂದರು, ಧೈರ್ಯ ಹೋಯಿತು. ಜವಾನ ಹೊರಗೆ ಬಂದು ಒಂದೊಂದು ಹೆಸರು ಕೂಗಿದಾಗಲೂ ಮುನಿಯಮ್ಮ ನನ್ನ ಮೊಣಕೈ ಹಿಡಿಯುವಳು. ಊಟದ ಹೊತ್ತು ಕಳೆಯಿತು, ಮರದ ನೆರಳು ನಮ್ಮನ್ನು ಬಿಟ್ಟು ಆಚೆ ಹೋಯಿತು. ನಾಲ್ಕು ಗಂಟೆಗೆ, ಬಾಗಿಲು ಹಾಕಲು ಎದ್ದವನ ಹಾಗೆ ಎದ್ದು, ಜವಾನ ಕೂಗಿದ:

“ಮಧುರೆ ಮುನಿಯಮ್ಮಾ!”

ಅವಳು ಓಡಿದಳು. ಕಿಟಕಿಯಿಂದ ನೋಡಿದೆ. ನಮ್ಮವರು ಎದ್ದು ನಿಂತಿದ್ದರು, ಕೋಟಿನ ತೋಳಿಗೆ ಸುಣ್ಣ ಮೆತ್ತಿತ್ತು. ಎರಡು ಮಾತು ಆಡಿದರು. ನ್ಯಾಯಾಧೀಶರು ತಲೆ ಎತ್ತದೆ ಮುಂದಿನ ತಿಂಗಳಿಗೆ ಹಾಕಿದರು. ಅಷ್ಟೇ! ಎರಡು ದಿನ ನನ್ನ ಜೀವ ಹಿಂಡಿದ್ದು ಇನ್ನೊಂದು ವಾಯಿದೆಗೆ. ಜಮೀನು ಕೊನೆಗೆ ಅವಳಿಗೇ ಆಯಿತು, ಅದಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು.

ಮಾರನೆಯ ಬೆಳಗ್ಗೆ ಅವರನ್ನು ಶೆಟ್ಟರ ಕೇಸಿಗೆ ಬಸ್ಸು ಹತ್ತಿಸಿ, ನಾನು ನೇರವಾಗಿ ಹಿಂದಿನ ಬೀದಿಯ ಮೇಷ್ಟರ ಮನೆಗೆ ಹೋದೆ.

“ಇಂಗ್ಲಿಷ್ ಅಂಕಿ ಹೇಳಿಕೊಡಿ ಮೇಷ್ಟ್ರೇ.”

“ಎಷ್ಟರ ತನಕ ಕಲೀತೀರಮ್ಮ?”

“ಮೂವತ್ತೊಂದು ಸಾಕು. ಅದಾದ ಮೇಲೆ ತಿರುಗಿ ಒಂದೇ ತಾನೇ ಬರೋದು.”

ಮೇಷ್ಟರು ನಕ್ಕರು. ನಾನು ನಗಲಿಲ್ಲ. ಆರನ್ನು ತಲೆಕೆಳಗು ಮಾಡಿದರೆ ಒಂಬತ್ತಾಗುತ್ತದೆ ಎಂದು ಅವರು ಹೇಳಿದಾಗ ಮಾತ್ರ, ಇಂಥ ಅಂಕಿಯನ್ನು ನಂಬಿ ಯಾವಳಾದರೂ ಜಮೀನು ಬಿಡುತ್ತಾಳೇನ್ರಿ ಎಂದು ಅವರ ಜೊತೆ ಜಗಳ ಆಡಿ, ಐದರ ತನಕ ಕಲಿತು ಎದ್ದು ಬಂದೆ.