ಅಕ್ಕನ ಬೆಟ್ಟದ ತಂಗಿ

ನನ್ನ ಅಕ್ಕನಿಗೆ ಹುಚ್ಚು ಹಿಡಿದಿದೆ ಅಂದರೆ ನೀವು ಅವಳನ್ನು ಅಯ್ಯೋ ಪಾಪ ಅನ್ನಬೇಡಿ. ಪಾಪ ಅನ್ನಬೇಕಾದದ್ದು ನನ್ನನ್ನು. ಒಡಹುಟ್ಟಿದ ಒಬ್ಬಳೇ ತಂಗಿ ನಾನು ಕಾರಿನಲ್ಲಿ ಅರ್ಧ ಗಂಟೆ ದೂರದ ಇಪ್ಸ್‌ವಿಚ್‌ನಲ್ಲಿ ಗುಂಡುಕಲ್ಲಿನ ಹಾಗೆ ಇರುವಾಗ, ಸನ್ನಿಬ್ಯಾಂಕ್‌ನಲ್ಲಿರುವ ಈ ಮಹಾತಾಯಿ ಫಿಲಿಪೀನ್ಸ್‌ನ ಬೆಟ್ಟದ ಮೇಲೆ ಇನ್ನೊಬ್ಬ ತಂಗಿಯನ್ನು ಮಾಡಿಕೊಂಡಿದ್ದಾಳೆ!

ಆಗಿದ್ದಿಷ್ಟು. ಜೊತೆಯಲ್ಲಿ ಕೆಲಸ ಮಾಡುವವಳ ಮದುವೆಗೆಂದು ಮಿಂಡನಾವೊ ದ್ವೀಪಕ್ಕೆ ಹೋದ ಅಕ್ಕ, ಅಲ್ಲಿ ಟಿಬೋಲಿ ಅನ್ನುವ ಬೆಟ್ಟದ ಜನ ನೇಯುವ ಬಟ್ಟೆ ನೋಡಿ ಮರುಳಾಗಿ, ನೇಯುವವಳೊಬ್ಬಳನ್ನು ತಂಗಿ ಅಂತ ಕರೆದೇಬಿಟ್ಟಳು. ಬಾಳೆ ಜಾತಿಯ ಗಿಡದ ನಾರು ತೆಗೆದು, ಎಳೆ ಎಳೆ ಗಂಟು ಕಟ್ಟಿ, ಕಪ್ಪು ಕೆಂಪು ಬಣ್ಣದಲ್ಲಿ ಅದ್ದಿ ತಿಂಗಳುಗಟ್ಟಲೆ ನೇಯುತ್ತಾರೆ. ಡಿಸೈನ್ ಎಲ್ಲಿಂದ ಬರುತ್ತೆ ಗೊತ್ತೇ? ಕನಸಿನಲ್ಲಿ! ವಾಪಸ್ ಬಂದ ಮೇಲೆ ಅಕ್ಕ ಫೋನಿನಲ್ಲಿ "ಊಟ ಆಯ್ತಾ" ಅನ್ನುವುದನ್ನು ಬಿಟ್ಟು "ಕನಸು ಬಿತ್ತಾ" ಅನ್ನತೊಡಗಿದಳು.

"ಬಿತ್ತು. ಸಿಟಿಯಲ್ಲಿ ಪಾರ್ಕಿಂಗ್ ಸಿಗದೆ ಸುತ್ತುತ್ತಾ ಇದ್ದೆ."

"ನಿಂಗೆ ಅಷ್ಟೇ ಕಣೇ. ಬೆಟ್ಟದ ತಂಗಿ ಕನಸಲ್ಲಿ ನೋಡು, ನದಿ ಬರುತ್ತೆ, ಹಾವು ಬರುತ್ತೆ."

ಇನ್ನೊಬ್ಬರ ಕನಸಿನಲ್ಲಿ ಹಾವು ಬಂದದ್ದಕ್ಕೂ ಹೊಟ್ಟೆ ಉರಿದುಕೊಂಡ ಹೆಂಗಸು ನಾನೊಬ್ಬಳೇ ಇರಬೇಕು.

ಆ ಬಟ್ಟೆಯನ್ನು ದಾಟಬಾರದಂತೆ, ಮನಸ್ಸಿಗೆ ಬಂದಂತೆ ಕತ್ತರಿಸಬಾರದಂತೆ. ಅಕ್ಕ ಅದನ್ನು ಹಾಲ್‌ನಲ್ಲಿ ಹರಡಿದ ದಿನ ಭಾವ ಅಡುಗೆಮನೆಗೆ ಹೋಗಬೇಕಾದರೆ ಗ್ಯಾರೇಜಿನಿಂದ ಹೊರಗಿಳಿದು, ಮನೆ ಬಳಸಿ ಹಿತ್ತಲ ಬಾಗಿಲಿನಿಂದ ಬರಬೇಕು. "ಒಂದು ಲೋಟ ಕಾಫಿಗೆ ಒಂದು ಪ್ರದಕ್ಷಿಣೆ ನೋಡಮ್ಮ," ಅಂದರು ಪಾಪ.

ಕನ್ನಡದವರ ಯುಗಾದಿ ಕೂಟದಲ್ಲಿ ಅಕ್ಕ ಆ ಬಟ್ಟೆ ಮಾರಲು ಸ್ಟಾಲ್ ಹಾಕಿದಳು. ನಮ್ಮ ಆಂಟಿಯೊಬ್ಬರು ಬಟ್ಟೆಯನ್ನು ಉಜ್ಜಿ ನೋಡಿ, "ಇದಕ್ಕೆ ಫಾಲ್ಸ್ ಹಾಕಿಸಬೇಕಾ?" ಅಂದರು.

"ಇದು ಸೀರೆ ಅಲ್ಲ ಆಂಟಿ. ಗೋಡೆಗೆ ಹಾಕೋದು. ಕನಸಲ್ಲಿ ಬಂದ ಡಿಸೈನ್."

"ನಂಗೂ ದಿನಾ ಬೀಳುತ್ತಮ್ಮ ಕನಸು. ಯಾರೂ ಕೊಂಡ್ಕೊಳ್ಳಲ್ಲ."

ಪಕ್ಕದಲ್ಲೇ ನಿಂತಿದ್ದ ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ನನ್ನ ಹುಟ್ಟುಹಬ್ಬಕ್ಕೆ ಏನು ಕೊಟ್ಟಳು ಹೇಳಿ? ಆ ಬೆಟ್ಟದವಳು ನೇಯ್ದ ತುಂಡು! "ತಂಗಿ ನೇಯ್ದಿದ್ದು," ಅಂತ ಬೇರೆ. ಹಾಗಾದರೆ ನಾನ್ಯಾರು? ಮೈಯೆಲ್ಲಾ ಉರಿದುಹೋಯಿತು. ಬೀರುವಿನಲ್ಲಿದ್ದ ಬ್ಲೌಸ್‌ಪೀಸುಗಳ ಗಂಟಿಗೆ ತುರುಕಿದೆ. ಆ ಗಂಟು ನಿಮ್ಮ ಮನೆಯಲ್ಲೂ ಇರುತ್ತದೆ ಬಿಡಿ. ಅರಿಶಿನ ಕುಂಕುಮದ ಜೊತೆ ಬರುತ್ತವೆ, ಅರಿಶಿನ ಕುಂಕುಮದ ಜೊತೆಯೇ ಹೋಗುತ್ತವೆ, ಹೊಲಿಸುವವರು ಮಾತ್ರ ಯಾರೂ ಇಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದವರೊಬ್ಬರಿಗೆ ತೆಂಗಿನಕಾಯಿಯ ಜೊತೆ ಅದನ್ನೂ ಇಟ್ಟು ಸಾಗಹಾಕಿದೆ. ಅವರು ಇನ್ನೊಬ್ಬರಿಗೆ, ಆ ಇನ್ನೊಬ್ಬರು ಮತ್ತೊಬ್ಬರಿಗೆ. ನವರಾತ್ರಿಯಲ್ಲಿ ಯಾರದೋ ಮನೆಯ ಗೊಂಬೆ ನೋಡಲು ಹೋದ ಅಕ್ಕನ ಮಡಿಲಿಗೇ ಬಂದು ಬಿತ್ತು!

"ನಾಳೆ ಮಧ್ಯಾಹ್ನ ಮನೆಗೆ ಬಾ," ಅಂದಳು ಫೋನಿನಲ್ಲಿ, ಅಷ್ಟೇ.

"ಮಮ್, ಯು ಆರ್ ಸೋ ಜೆಲಸ್," ಅಂದಳು ನನ್ನ ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಅದೇ ತೊಂದರೆ.

ಹೋದೆ. ಅಕ್ಕ ಬೈಯಲಿಲ್ಲ. ಬೆಟ್ಟದ ತಂಗಿಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ನನ್ನ ಮುಂದಿಟ್ಟು, "ನೀನೇ ಹೇಳು," ಅಂದಳು. ನಾನು ತಡವರಿಸುತ್ತಾ ಬಟ್ಟೆ ಮನೆಮನೆ ತಿರುಗಿದ ಕಥೆ ಹೇಳಿದೆ. ಆಕೆ ನಕ್ಕೇ ನಕ್ಕಳು. "ಅಷ್ಟು ಮನೆಯಲ್ಲಿ ಒಬ್ಬರೂ ಕತ್ತರಿ ಹಾಕಲಿಲ್ಲವಲ್ಲ, ಒಳ್ಳೆಯ ಜನ," ಅಂದಳು ಹರುಕುಮುರುಕು ಇಂಗ್ಲಿಷಿನಲ್ಲಿ.

ನಗು ನಿಂತ ಮೇಲೆ ನನ್ನನ್ನೇ ನೋಡುತ್ತಾ ಕೇಳಿದಳು, "ಇವಳ ಸ್ವಂತ ತಂಗಿ ನೀನೇ ಅಲ್ಲವಾ? ನಿನ್ನ ವಿಷಯ ಬಹಳ ಹೇಳ್ತಾಳೆ. ನನಗೂ ಒಬ್ಬಳು ತಂಗಿ ಇದ್ದಾಳೆ. ಅವಳು ಗಂಟು ಕಟ್ಟುತ್ತಿದ್ದಳು, ನಾನು ನೇಯುತ್ತಿದ್ದೆ. ಈಗ ಕುವೈತ್‌ನಲ್ಲಿ ಯಾರದೋ ಮನೆಗೆಲಸಕ್ಕಿದ್ದಾಳೆ. ನನ್ನ ನಂತರ ಈ ಮಗ್ಗಕ್ಕೆ ಕೂರುವವಳು ಅವಳೊಬ್ಬಳೇ. ಬಟ್ಟೆ ಮಾರಾಟವಾದರೆ ವಾಪಸ್ ಬರ್ತೀನಿ ಅಂದಿದ್ದಾಳೆ. ನಿನ್ನ ಕಂಡರೆ ನನಗೆ ತುಂಬ ಹೊಟ್ಟೆಕಿಚ್ಚು. ಅಕ್ಕ ಕರೆದಳು, ಮಾರನೆಯ ದಿನವೇ ನೀನು ಬಂದುಬಿಟ್ಟೆ."

ಕಾಫಿ ತರುತ್ತೀನಿ ಅಂತ ಎದ್ದ ಅಕ್ಕನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡೆ. ಆಮೇಲೆ, ಆ ಕಡೆಯಿಂದ ಆಕೆ ನೋಡುತ್ತಿದ್ದಾಳೆ ಅನ್ನುವುದು ನೆನಪಾಗಿ, ಮೆಲ್ಲಗೆ ಬಿಟ್ಟೆ.